ಗುಂಗುರು ಕೂದಲಿಗೆ ನಾವು ಮಾಡಿದ್ದು

ಆ ಹುಡುಗಿಯ ತಲೆಗೆ ಕ್ರೀಮ್ ಹಚ್ಚಿದ್ದು ನನ್ನದೇ ಕೈ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಯಾಕೆಂದರೆ ಈ ಸಂಗತಿಯನ್ನು ಯಾರ ಹತ್ತಿರ ಹೇಳಲು ಕೂತರೂ ತಪ್ಪೆಲ್ಲ ಮೆಲ್ಲಗೆ ನಮ್ಮ ಪಾರ್ಲರಿನ ಮ್ಯಾನೇಜರ್ ಕಡೆಗೆ ಸರಿದು, ಕೊನೆಗೆ ನಾನು ಒಳ್ಳೆಯವಳಾಗಿ ಉಳಿದುಬಿಡುತ್ತೇನೆ. ಸಿಟ್ಟು ಬಂದಾಗ ಮನುಷ್ಯರು ತಮ್ಮ ಪಾಲನ್ನು ಮರೆಯುವುದು ಬಹಳ ಸುಲಭ.

ನಮ್ಮದು ಮಸ್ಕತ್ತಿನ ಖುರುಮ್‌ನಲ್ಲಿ, ಅಂಗಡಿಗಳ ಸಾಲಿನ ಮೇಲೆ ಮೊದಲನೇ ಮಹಡಿಯಲ್ಲಿದ್ದ ಲೇಡೀಸ್ ಪಾರ್ಲರ್. ಗಾಜಿಗೆಲ್ಲ ಹಾಲುಬಣ್ಣದ ಸ್ಟಿಕ್ಕರ್ ಅಂಟಿಸಿತ್ತು. ಗಂಡಸರು ಒಳಗೆ ಬರುವಂತಿರಲಿಲ್ಲ. ಬಾಗಿಲು ಹಾಕಿಕೊಂಡ ಮೇಲೆ ಹೆಂಗಸರು ಮೈ ಮುಚ್ಚುವ ಕರಿ ಅಬಾಯ ಕಳಚಿ ಕೊಕ್ಕೆಗೆ ಸಿಕ್ಕಿಸುತ್ತಿದ್ದರು, ತಲೆಯ ಬಟ್ಟೆ ಬಿಚ್ಚುತ್ತಿದ್ದರು. ಹೊರಗೆ ಯಾರೂ ನೋಡದ ಕೂದಲನ್ನು ನಮ್ಮ ಮುಂದೆ ಬಿಚ್ಚಿ, ಬೆನ್ನು ನಮಗೆ ಕೊಟ್ಟು ಕುಳಿತುಕೊಳ್ಳುತ್ತಿದ್ದರು. ನಮ್ಮ ಕೈಯಲ್ಲಿ ಕತ್ತರಿ ಇರುತ್ತಿತ್ತು. ಅದು ಎಷ್ಟು ದೊಡ್ಡ ನಂಬಿಕೆ ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ.

ಹುಡುಗಿ ಬಂದದ್ದು ತಾಯಿಯ ಜೊತೆ. ತಾಯಿ ಶಾಲೆಯಲ್ಲಿ ಟೀಚರ್. ಅವರ ಹಿರಿಯರು ಜಂಜಿಬಾರ್‌ನಿಂದ ಒಮಾನ್‌ಗೆ ಮರಳಿದವರು. ತಾಯಿ ಮಗಳು ತಮ್ಮೊಳಗೆ ಸ್ವಾಹಿಲಿ ಮಾತಾಡಿಕೊಳ್ಳುತ್ತಿದ್ದರು, ನಮ್ಮೊಡನೆ ಇಂಗ್ಲಿಷ್. ಹುಡುಗಿಗೆ ಇಪ್ಪತ್ತು ವರ್ಷ ಇರಬಹುದು, ನರ್ಸಿಂಗ್ ಓದುತ್ತಿದ್ದಳು. ತಲೆಯ ಬಟ್ಟೆ ತೆಗೆದಾಗ ನಾನು ಎರಡು ಕ್ಷಣ ನೋಡುತ್ತಲೇ ನಿಂತೆ. ಪೆನ್ನಿನ ಸ್ಪ್ರಿಂಗಿಗಿಂತ ಸಣ್ಣ ಸುರುಳಿಗಳು, ಒತ್ತೊತ್ತಾಗಿ, ತಲೆಯ ಸುತ್ತ ದುಂಡಗೆ ನಿಂತಿದ್ದವು. ಬಿಟ್ಟರೆ ಕಿವಿಯವರೆಗೆ. ಒಂದು ಎಳೆಯನ್ನು ಎಳೆದು ನೋಡಿದರೆ ಭುಜ ದಾಟಿ ಕೆಳಗೆ ಬಂತು.

"ಹದಿನಾರು ವರ್ಷದವರೆಗೆ ಮನೆಯವರು ಸ್ಟ್ರೇಟ್ನಿಂಗ್ ಮಾಡಿಸ್ತಿದ್ರು. ಅದನ್ನೆಲ್ಲ ಕತ್ತರಿಸಿ ಹಾಕಿ, ನಾಲ್ಕು ವರ್ಷ ಕಾದು ಇದನ್ನು ಬೆಳೆಸಿದ್ದೇನೆ" ಎಂದಳು. "ಇನ್ನು ಒಂಬತ್ತು ದಿನಕ್ಕೆ ಅಣ್ಣನ ಮದುವೆ. ತೊಳೆದು, ಕಂಡಿಷನರ್ ಹಾಕಿ, ತುದಿ ಅರ್ಧ ಇಂಚು ತೆಗೆದರೆ ಸಾಕು. ಮದುವೆಯ ದಿನ ನನ್ನ ಅತ್ತೆಯ ಮಗಳು ಜಡೆ ಹಾಕ್ತಾಳೆ. ಸುರುಳಿ ಬದಲಾಗುವಂಥದ್ದು ಏನೂ ಬೇಡ. ಏನೂ."

ತಾಯಿ ನಕ್ಕು ಹೇಳಿದರು, "ಇವಳಿಗೆ ಪಾರ್ಲರ್ ಅಂದ್ರೇ ನಂಬಿಕೆ ಇಲ್ಲ. ನಾನೇ ಬಲವಂತ ಮಾಡಿ ಕರೆತಂದೆ."

ನಾನು ನೀರು ಚಿಮುಕಿಸಿ ನೋಡಿದೆ. ಹನಿಗಳು ಕೆಸುವಿನ ಎಲೆಯ ಮೇಲೆ ನಿಂತಂತೆ ಕೂದಲಿನ ಮೇಲೇ ನಿಂತವು. ಅಂದರೆ ಬಿಸಿನೀರು, ತಾಳ್ಮೆ, ತುಂಬಾ ಕಂಡಿಷನರ್ ಬೇಕು. ಸಿಕ್ಕು ಬಿಡಿಸುವುದೇ ಒಂದೂವರೆ ಗಂಟೆ. ತುದಿಯಿಂದ ಶುರುಮಾಡಿ ಬುಡದ ಕಡೆಗೆ ಹೋಗಬೇಕು, ಬೆರಳಿನಿಂದ ಮೊದಲು, ಬಾಚಣಿಗೆ ಆಮೇಲೆ. ಇದು ನನಗೆ ಕೋರ್ಸಿನಲ್ಲಿ ಬಂದ ತಿಳಿವಳಿಕೆ ಅಲ್ಲ. ಮಂಗಳೂರಿನ ಆರು ತಿಂಗಳ ಕೋರ್ಸಿನಲ್ಲಿ ಕಲಿಯಲು ಕೊಟ್ಟ ಬೊಂಬೆಗಳಿಗೆಲ್ಲ ನೇರ ಕೂದಲು. ಗುಂಗುರು ಕೂದಲು ಬಂದದ್ದು "ಸಮಸ್ಯೆಯ ಕೂದಲು" ಎಂಬ ಪಾಠದಲ್ಲಿ, ಹೊಟ್ಟು ಮತ್ತು ಹೇನಿನ ಜೊತೆ. ನಾನು ಕಲಿತದ್ದೆಲ್ಲ ಇಲ್ಲಿ, ಗಿರಾಕಿಗಳ ತಲೆಯ ಮೇಲೆ.

ನಾನು ವಾಶ್ ಬೇಸಿನ್ ಹತ್ತಿರ ಟವೆಲ್ ಹಾಸುತ್ತಿದ್ದಾಗ ಮ್ಯಾನೇಜರ್ ಬಂದಳು. ನಮ್ಮ ಕಡೆಯವಳೇ, ಸುರತ್ಕಲ್‌ನವಳು, ನನಗಿಂತ ಹತ್ತು ವರ್ಷ ದೊಡ್ಡವಳು. ನಾನು ಅಕ್ಕ ಎನ್ನುತ್ತಿದ್ದೆ. ಇಬ್ಬರೇ ಇದ್ದರೆ ತುಳು, ಇಲ್ಲವೇ ಕನ್ನಡ. ಆದರೆ ಆವತ್ತು ಪಾರ್ಲರಿನಲ್ಲಿ ಕೆಲಸಕ್ಕಿದ್ದ ಬೇರೆ ಊರಿನ ಹುಡುಗಿಯರೂ ನಗಲಿ ಎಂದು ಹಿಂದಿಯಲ್ಲಿ ಹೇಳಿದಳು: "ಇದೇನು ಕೂದಲಾ, ಪಾತ್ರೆ ತಿಕ್ಕುವ ಜಾಲಿಯಾ? ನಿನ್ನ ಮಧ್ಯಾಹ್ನ ಪೂರ್ತಿ ಇದರಲ್ಲೇ ಹೋಯ್ತು ಬಿಡು."

ಹುಡುಗಿಯರು ನಕ್ಕರು. ನಾನೂ ನಕ್ಕೆ. ಜೋರಾಗಿ ಅಲ್ಲ, ತುಟಿಯಲ್ಲಿ. ಹುಡುಗಿ ಕನ್ನಡಿ ನೋಡುತ್ತಾ ಕೂತಿದ್ದಳು.

ಆಮೇಲೆ ಮ್ಯಾನೇಜರ್ ಕನ್ನಡಕ್ಕೆ ಬಂದಳು. "ಕಂಡಿಷನರ್ ಹಾಕಿ ಕೂತ್ರೆ ಮುಗಿಯುದಿಲ್ಲ ಮಾರಾಯ್ತಿ. ಆ ಪ್ರೋಟೀನ್ ಹಾಕು, ಮೆತ್ತಗೆ ಆಗ್ತದೆ. ಬಾಚಲಿಕ್ಕೆ ಸುಲಭ."

"ಪ್ರೋಟೀನ್ ಹಾಕಿದ್ರೆ ನೇರ ಆಗುದಿಲ್ವಾ ಅಕ್ಕ? ಅವಳು ಬೇಡ ಹೇಳಿದ್ದಾಳೆ."

"ಅದು ಐರನ್ ಇಟ್ಟು ನೇರ ಮಾಡುವ ಪ್ರೋಟೀನ್. ಇದು ಬೇರೆ. ಬರೀ ಪೋಷಣೆ. ನಾನು ಎಷ್ಟು ಜನಕ್ಕೆ ಹಾಕಿಸ್ಲಿಲ್ಲ?"

ಅದು ನಿಜವೇ. ಬಿಳಿಯ ದೊಡ್ಡ ಡಬ್ಬಿ, ಮೇಲೆ ಮಾರ್ಕರ್‌ನಿಂದ ಪ್ರೋಟೀನ್ ಎಂದು ಬರೆದದ್ದು. ಕಂಪನಿಯ ಲೇಬಲ್ ಇರಲಿಲ್ಲ. ಹಿಂದೆಯೂ ಕೆಲವರಿಗೆ ನಾನೇ ಹಚ್ಚಿದ್ದೆ. ಒಳಗೆ ಏನಿದೆ ಎಂದು ಕೇಳಿರಲಿಲ್ಲ.

ಹುಡುಗಿಗೆ ಹೇಳಿದೆ, "ಪ್ರೋಟೀನ್ ಮಾಸ್ಕ್. ಸುರುಳಿಗೆ ಏನೂ ಆಗುವುದಿಲ್ಲ." ಆಕೆ ನನ್ನ ಮುಖ ನೋಡಿ, "ಖಂಡಿತವಾ?" ಎಂದಳು. ನಾನು ಖಂಡಿತ ಎಂದೆ.

ತಲೆ ಚೆನ್ನಾಗಿ ತಿಕ್ಕಿ ತೊಳೆದೆ. ಕೂದಲನ್ನು ಎಂಟು ಭಾಗ ಮಾಡಿ ಕ್ಲಿಪ್ ಹಾಕಿದೆ. ಬುಡದಿಂದ ತುದಿಯವರೆಗೆ ಬ್ರಶ್‌ನಿಂದ ಕ್ರೀಮ್ ಹಚ್ಚಿ, ಕ್ಯಾಪ್ ಹಾಕಿದೆ. ಹತ್ತು ನಿಮಿಷಕ್ಕೆ ಆಕೆ, "ಉರೀತಿದೆ" ಎಂದಳು. ನಾನು ತೊಳೆಯಲು ಏಳುವಷ್ಟರಲ್ಲಿ ಮ್ಯಾನೇಜರ್ ಆಚೆಯಿಂದ, "ಪುದೀನ ಎಣ್ಣೆ ಉಂಟಲ್ಲ ಅದರಲ್ಲಿ, ಹಾಗೇ ಆಗುದು. ಇನ್ನೂ ಐದು ನಿಮಿಷ ಇರಲಿ" ಎಂದಳು. ಇರಿಸಿದೆ. ಈಗಲೂ ನನಗೆ ಹೆಚ್ಚು ನೆನಪಾಗುವುದು ಆ ಐದು ನಿಮಿಷವೇ. ಅಷ್ಟು ಹೊತ್ತೂ ಹುಡುಗಿ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು, ನಾನು ಗಡಿಯಾರ ನೋಡುತ್ತಿದ್ದೆ.

ತೊಳೆಯುವಾಗ ಕೂದಲು ಬೆರಳ ನಡುವೆ ನೆನೆದ ಶಾವಿಗೆಯಂತೆ ಜಾರಿತು. ಸಿಕ್ಕು ಇಪ್ಪತ್ತೇ ನಿಮಿಷದಲ್ಲಿ ಬಿಟ್ಟಿತು. ಸುರುಳಿ ಸಡಿಲಾದಂತೆ ಕಂಡಿತು. ಒದ್ದೆ ಇದೆ, ಒಣಗಿದರೆ ಸರಿಯಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ತುದಿ ಕತ್ತರಿಸಿ, ಹದ ಬಿಸಿಯ ಗಾಳಿಯಲ್ಲಿ ಒಣಗಿಸಿ ಕಳಿಸಿದೆ. ಹೋಗುವಾಗ ಆಕೆ ಥ್ಯಾಂಕ್ಸ್ ಹೇಳಿದಳು.

ಮೂರನೇ ದಿನ ತಾಯಿ ಮಗಳು ಅಪಾಯಿಂಟ್‌ಮೆಂಟ್ ಇಲ್ಲದೆ ಬಂದರು. ಹುಡುಗಿ ಅಬಾಯ ತೆಗೆಯಲಿಲ್ಲ. ಕೌಂಟರ್ ಮುಂದೆ ನಿಂತು ತಲೆಯ ಬಟ್ಟೆ ಮಾತ್ರ ಎಳೆದು ಹಾಕಿದಳು. ನೆತ್ತಿಯ ಮೇಲೆ ಅಂಗೈಯಗಲ ಕೂದಲು ಬುಡದ ಹತ್ತಿರವೇ ಮುರಿದಿತ್ತು. ಕಿವಿಯ ಹಿಂದೆ ಎರಡೂ ಕಡೆ ಹಾಗೇ. ಹಣೆಯ ಅಂಚಿನಲ್ಲಿ ಚರ್ಮ ಸುಟ್ಟು ಹಕ್ಕಳೆ ಕಟ್ಟಿತ್ತು. ಉಳಿದ ಕೂದಲು ಕೆಲವು ಕಡೆ ಸುರುಳಿ, ಕೆಲವು ಕಡೆ ನಾರಿನ ಹಾಗೆ ಜೋತುಬಿದ್ದಿತ್ತು. ಕೈಚೀಲದಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ಕೌಂಟರ್ ಮೇಲಿಟ್ಟಳು. ಅದರ ತುಂಬ ಕೂದಲು.

"ಇದು ಇವತ್ತು ಬೆಳಿಗ್ಗೆ ಬಂದದ್ದು. ಬರೀ ಬೆರಳಿಗೆ" ಎಂದಳು.

ಮ್ಯಾನೇಜರ್ ಮುಖ ಒಂದು ಚೂರೂ ಬದಲಾಗಲಿಲ್ಲ. "ಹಳೆಯ ಸ್ಟ್ರೇಟ್ನಿಂಗ್‌ನಿಂದ ಕೂದಲು ಮೊದಲೇ ವೀಕ್ ಆಗಿತ್ತು, ಮ್ಯಾಡಮ್. ಈ ಥರದ ಕೂದಲು ಹಾಗೇ. ಚಿಂತೆ ಬೇಡ. ಪೂರ್ತಿ ಸ್ಟ್ರೇಟ್ ಮಾಡಿಬಿಡೋಣ, ಎಲ್ಲ ಒಂದೇ ಸಮ ಕಾಣ್ತದೆ. ಫ್ರೀ."

ಹುಡುಗಿ ನನ್ನ ಕಡೆ ತಿರುಗಿ, ತಪ್ಪಿಲ್ಲದ ಹಿಂದಿಯಲ್ಲಿ ಹೇಳಿದಳು:

"ಪಾತ್ರೆ ತಿಕ್ಕುವ ಜಾಲಿ ಅಂದದ್ದು ಅವತ್ತೇ ಅರ್ಥ ಆಗಿತ್ತು. ಚಿಕ್ಕಂದಿನಿಂದ ಹಿಂದಿ ಸಿನಿಮಾ ನೋಡಿ ಬೆಳೆದವಳು ನಾನು. ಎದ್ದು ಹೋಗಬೇಕಿತ್ತು. ಆದರೆ ನೀವು ನನ್ನ ಕೂದಲನ್ನು ಮೆಲ್ಲಗೆ ಮುಟ್ಟಿದ್ರಿ. ಬಾಯಿ ಕೆಟ್ಟದಾದರೂ ಕೈ ಒಳ್ಳೇದಿರಬಹುದು ಅಂದುಕೊಂಡೆ. ನೀವೂ ನಕ್ಕಿದ್ರಿ, ಕನ್ನಡಿಯಲ್ಲಿ ನೋಡಿದೆ. ಆದರೂ ಕೂತೆ." ಮತ್ತೆ ಕೇಳಿದಳು, "ಆ ಡಬ್ಬಿಯಲ್ಲಿ ಏನಿತ್ತು?"

"ನನಗೆ ಗೊತ್ತಿಲ್ಲ" ಎಂದೆ.

"ಗೊತ್ತಿಲ್ಲದೇನೇ ಖಂಡಿತ ಅಂದ್ರಾ?"

ತಾಯಿ ಮಗಳ ಬೆನ್ನು ಸವರುತ್ತಾ ಹೊರಗೆ ಕರೆದುಕೊಂಡು ಹೋದರು.

ಮಧ್ಯಾಹ್ನ ಊಟದ ಹೊತ್ತಿಗೆ ಆ ಡಬ್ಬಿಯಿಂದ ಎರಡು ಚಮಚ ಕ್ರೀಮನ್ನು ಒಂದು ಖಾಲಿ ಸೀಸೆಗೆ ತುಂಬಿ ಮನೆಗೆ ತಂದೆ. ನಾವಿರುವುದು ಅಲ್ ಹೈಲ್‌ನಲ್ಲಿ. ಗಂಡ ಒಂದು ವಸತಿ ಸಮುಚ್ಚಯದ ಮೆಂಟೆನೆನ್ಸ್ ನೋಡಿಕೊಳ್ಳುತ್ತಾರೆ. ಅಲ್ಲಿಯ ಈಜುಕೊಳದ ನೀರು ಪರೀಕ್ಷಿಸುವ ಕಾಗದದ ಪಟ್ಟಿಗಳು ಮನೆಯಲ್ಲಿ ಯಾವಾಗಲೂ ಇರುತ್ತವೆ. ನೀರು ಹುಳಿಯೋ ಕ್ಷಾರವೋ ಎಂದು ಬಣ್ಣದಲ್ಲಿ ತೋರಿಸುವ ಪಟ್ಟಿ. ನಮ್ಮ ಕಂಡಿಷನರನ್ನು ನೀರಿನಲ್ಲಿ ಕದಡಿ ಒಂದು ಪಟ್ಟಿ ಅದ್ದಿದೆ, ಹಳದಿ ಬಂತು, ಅಂದರೆ ಸ್ವಲ್ಪ ಹುಳಿ. ಡಬ್ಬಿಯ ಕ್ರೀಮನ್ನು ಕದಡಿ ಇನ್ನೊಂದು ಅದ್ದಿದೆ. ಪಟ್ಟಿ ಕೆಂಪಾಗಿ, ಕಡುಗೆಂಪಾಗಿ, ಪಟ್ಟಿಗಳ ಡಬ್ಬಿಯ ಮೇಲೆ ಕ್ಷಾರಕ್ಕೆ ತೋರಿಸಿದ ಕೊನೆಯ ಬಣ್ಣವನ್ನೂ ದಾಟಿ ನೇರಳೆಗೆ ಹೋಯಿತು.

ಗಂಡ ನೋಡಿ, "ಇದು ತಲೆಗೆ ಹಚ್ಚುದಾ? ನಾವು ಡ್ರೈನೇಜ್ ಕ್ಲೀನ್ ಮಾಡ್ಲಿಕ್ಕೆ ಹಾಕುದಕ್ಕೆ ಈ ಬಣ್ಣ ಬರ್ತದೆ" ಎಂದರು.

ನನ್ನದೇ ಕೂದಲಿನ ಒಂದು ಎಳೆ ಕತ್ತರಿಸಿ ಆ ಕ್ರೀಮಿನಲ್ಲಿ ಅದ್ದಿಟ್ಟೆ. ಅರ್ಧ ಗಂಟೆ ಬಿಟ್ಟು ತೆಗೆದು ಎಳೆದೆ. ಅದು ಚೂಯಿಂಗ್ ಗಮ್‌ನಂತೆ ಉದ್ದವಾಗಿ, ಸದ್ದಿಲ್ಲದೆ ತುಂಡಾಯಿತು.

ಮರುದಿನ ಎಲ್ಲರಿಗಿಂತ ಮೊದಲು ಹೋಗಿ ಸ್ಟೋರಿನಲ್ಲಿ ಹುಡುಕಿದೆ. ಕೆಳಗಿನ ಶೆಲ್ಫಿನಲ್ಲಿ, ಟಿಶ್ಯೂ ಪೆಟ್ಟಿಗೆಗಳ ಹಿಂದೆ, ಸ್ಟ್ರೇಟ್ನಿಂಗ್ ಕ್ರೀಮಿನ ಡ್ರಮ್ ಇತ್ತು. ಪಕ್ಕದಲ್ಲಿ ಸೋವಿಯ ಹೇರ್ ಮಾಸ್ಕಿನ ಪಾಕೆಟುಗಳು. ಎರಡನ್ನೂ ಕಲಸಿದ ಸೌಟು ಡ್ರಮ್ಮಿನ ಮುಚ್ಚಳದ ಮೇಲೇ ಒಣಗಿತ್ತು. ಡ್ರಮ್ಮಿನ ಮೇಲಿನ ಸೂಚನೆ ಓದಿದೆ. ಹಚ್ಚುವ ಮೊದಲು ತಲೆ ತೊಳೆಯಬಾರದು. ನಾನು ತಿಕ್ಕಿ ತೊಳೆದಿದ್ದೆ. ಚರ್ಮಕ್ಕೆ ವ್ಯಾಸಲೀನ್ ಸವರಬೇಕು. ಸವರಿರಲಿಲ್ಲ. ಉರಿ ಬಂದ ಕೂಡಲೇ ತೊಳೆಯಬೇಕು. ನಾನು ಐದು ನಿಮಿಷ ಕಾದಿದ್ದೆ. ಕ್ಷಾರವನ್ನು ಮುರಿಯುವ ಬೇರೆಯೇ ಶಾಂಪೂ ಹಾಕಿ ತೊಳೆಯಬೇಕು, ಇಲ್ಲವಾದರೆ ಒಳಗೊಳಗೇ ಕೂದಲನ್ನು ತಿನ್ನುತ್ತಾ ಹೋಗುತ್ತದೆ. ಅಂಥ ಶಾಂಪೂ ನಮ್ಮ ಪಾರ್ಲರಿನಲ್ಲೇ ಇರಲಿಲ್ಲ. ಕೊನೆಯ ಸಾಲು: ಒಮ್ಮೆ ಹಚ್ಚಿದ ಕೂದಲಿಗೆ ಮತ್ತೆ ಹಚ್ಚಲೇಬಾರದು.

ಮ್ಯಾನೇಜರ್ ಬಂದಾಗ ನಾನು ಸ್ಟೋರಿನ ಬಾಗಿಲಲ್ಲೇ ನಿಂತಿದ್ದೆ. "ಇದು ಎಂತದು ಅಕ್ಕ?"

ಆಕೆ ನನ್ನನ್ನು ದಾಟಿ ಹೋಗಿ ಬ್ಯಾಗ್ ಇಟ್ಟಳು. "ಎಂತದು ಎಂತ? ಸ್ವಲ್ಪ ಸೇರಿಸಿದ್ರೆ ಕೂದಲು ಬಾಚಲಿಕ್ಕೆ ಬಗ್ತದೆ. ಆ ಕಾಡುಕೂದಲಿಗೆ ಎರಡೆರಡು ಗಂಟೆ ಯಾರು ನಿಲ್ಲುದು? ನಿನಗೂ ಸುಲಭ ಆಗ್ಲಿಲ್ವಾ?"

"ಅವಳು ನೇರ ಬೇಡ ಅಂತ ಒತ್ತಿ ಹೇಳಿದ್ದಾಳೆ."

"ನೇರ ಎಲ್ಲಿ ಆಯ್ತು?"

ಆಕೆ ಡ್ರಾಯರ್ ತೆಗೆದು ಆ ಹುಡುಗಿಯ ಹೆಸರಿನ ಕಾರ್ಡನ್ನು ನನ್ನ ಮುಂದೆ ಹಾಕಿದಳು. ಪ್ರತಿ ಗಿರಾಕಿಗೂ ನಮ್ಮಲ್ಲಿ ಒಂದು ಕಾರ್ಡು. ಏನು ಮಾಡಿದೆವು, ಯಾರು ಮಾಡಿದರು ಎಂದು ಅದರಲ್ಲಿ ಬರೆಯಬೇಕು.

"ಬರುವಾಗಲೇ ಕೂದಲು ಕೆಟ್ಟಿತ್ತು ಅಂತ ಬರೆದು ಸೈನ್ ಹಾಕು. ಹಚ್ಚಿದ್ದು ನೀನು, ಬರೀಬೇಕಾದ್ದೂ ನೀನು. ಮತ್ತೆ, ಅವಳ ತಾಯಿಗೆ ಫೋನ್ ಮಾಡಿ ಒಪ್ಪಿಸಿದ್ದೇನೆ. ನಾಲ್ಕು ಗಂಟೆಗೆ ಬರ್ತಾರೆ. ಸ್ಟ್ರೇಟ್ ಮಾಡಿ ಕಳಿಸು."

"ಮತ್ತೆ ಅದನ್ನೇ ಹಚ್ಚುದಾ? ಒಮ್ಮೆ ಹಚ್ಚಿದ್ದಕ್ಕೆ ಹಚ್ಚಬಾರದು ಅಂತ ಡ್ರಮ್ಮಿನ ಮೇಲೇ ಬರ್ದುಂಟು. ಪೂರ್ತಿ ಉದುರ್ತದೆ."

"ಉದುರಿದ್ರೆ ಮದುವೆ ಆದ ಮೇಲೆ ಉದುರ್ಲಿ. ನಿನ್ನ ಕರಾರು ಇನ್ನೂ ಎಂಟು ತಿಂಗಳು ಉಂಟು, ನೆನಪುಂಟಲ್ಲ? ಕಫೀಲ್‌ಗೆ ಒಂದು ಮಾತು ಹೇಳಿದ್ರೆ ಖಲಾಸ್."

ಕಫೀಲ್ ಎಂದರೆ ನಮ್ಮ ವೀಸಾ ಕೊಟ್ಟ ಮಾಲಕಿ, ಒಮಾನಿ ಹೆಂಗಸು, ತಿಂಗಳಿಗೊಮ್ಮೆ ಬರುವವರು. ನಾನು ಕಾರ್ಡನ್ನು ಏಪ್ರನ್ ಜೇಬಿಗೆ ಹಾಕಿಕೊಂಡು ಬಾತ್‌ರೂಮಿಗೆ ಹೋಗಿ ಗಂಡನಿಗೆ ಫೋನ್ ಮಾಡಿದೆ. ಅವರು, "ಒಂದು ಸಾಲು ಬರೆದು ಮುಗಿಸಿಬಿಡು ಅಂತ ಹೇಳುವಾ ಅಂತ ಬಾಯಿಗೆ ಬಂತು. ಆದ್ರೆ ನಿನ್ನೆ ಆ ಪಟ್ಟಿ ನಾನೂ ನೋಡಿದೆ ಅಲ್ವಾ" ಎಂದರು. "ನಿನಗೆ ಹೇಗೆ ಕಾಣ್ತದೋ ಹಾಗೆ ಮಾಡು. ಊರಿಗೆ ಹೋಗ್ಬೇಕಾಗಿ ಬಂದ್ರೆ ಹೋಗುವ."

ನಾಲ್ಕಕ್ಕೆ ಸರಿಯಾಗಿ ತಾಯಿ ಮಗಳು ಬಂದರು. ತಾಯಿಯ ಕಣ್ಣು ಊದಿತ್ತು. ಹುಡುಗಿ ಕುರ್ಚಿಯಲ್ಲಿ ಕೂತು, ಕನ್ನಡಿಯನ್ನೂ ನೋಡದೆ, ತೊಡೆಯ ಮೇಲಿನ ತನ್ನ ಕೈಗಳನ್ನೇ ನೋಡುತ್ತಿದ್ದಳು. ಮನೆಯಲ್ಲಿ ಜಗಳ ಆಡಿ ಸೋತು ಬಂದಿದ್ದಾಳೆಂದು ಯಾರಿಗಾದರೂ ತಿಳಿಯುತ್ತಿತ್ತು. ಪಾರ್ಲರಿನಲ್ಲಿ ಇನ್ನೂ ಐದಾರು ಗಿರಾಕಿಗಳಿದ್ದರು. ಮ್ಯಾನೇಜರ್ ತಾನೇ ಬಟ್ಟಲಿನಲ್ಲಿ ಕ್ರೀಮ್ ತಂದು, ಬ್ರಶ್ ಸಮೇತ ನನ್ನ ಕೈಗಿಟ್ಟಳು. ಈ ಸಲ ಅದಕ್ಕೆ ಮಾಸ್ಕ್ ಕೂಡ ಸೇರಿಸಿರಲಿಲ್ಲ, ನೇರ ಡ್ರಮ್ಮಿನದು.

ಬಟ್ಟಲು ಹಿಡಿದು ಹುಡುಗಿಯ ಹಿಂದೆ ನಿಂತೆ. ಹಣೆಯ ಅಂಚಿನ ಹಕ್ಕಳೆ ಇನ್ನೂ ಹಸಿಯಾಗಿತ್ತು. ಕ್ಲಿಪ್ ಹಾಕಲು ಕೂದಲು ಮುಟ್ಟಿದಾಗ ಆಕೆಯ ಭುಜಗಳು ಮೇಲಕ್ಕೆ ಸೆಟೆದವು. ನನ್ನ ಕೈ ಸೋಕಿದ್ದಕ್ಕೇ. ಅದನ್ನು ನೋಡಿದ ಮೇಲೆ ನನಗೆ ಯೋಚಿಸಲು ಏನೂ ಉಳಿಯಲಿಲ್ಲ.

ಬಟ್ಟಲನ್ನು ಟ್ರಾಲಿಯ ಮೇಲಿಟ್ಟು, ತಾಯಿಯ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಇಂಗ್ಲಿಷಿನಲ್ಲಿ ಹೇಳಿದೆ: "ಮ್ಯಾಡಮ್, ಇದನ್ನು ಹಚ್ಚಿದರೆ ಉಳಿದ ಕೂದಲೂ ಹೋಗುತ್ತದೆ. ಮೊದಲ ದಿನ ಪ್ರೋಟೀನ್ ಅಂತ ನಾನು ಹಚ್ಚಿದ್ದೂ ಇದೇ. ಸ್ಟ್ರೇಟ್ನಿಂಗ್ ಕ್ರೀಮು, ಮಾಸ್ಕಿನ ಜೊತೆ ಕಲಸಿದ್ದು. ಡ್ರಮ್ ಸ್ಟೋರಿನಲ್ಲಿದೆ. ನಿಮ್ಮ ಮಗಳ ಕೂದಲು ಕೆಟ್ಟಿರಲಿಲ್ಲ. ನಾವು ಕೆಡಿಸಿದೆವು."

ಒಂದು ಹೇರ್ ಡ್ರೈಯರ್ ಆಫ್ ಆಯಿತು. ಮತ್ತೊಂದೂ ಆಫ್ ಆಯಿತು.

"ಹುಚ್ಚು ಹಿಡಿದಿದೆಯಾ ನಿನಗೆ?" ಮ್ಯಾನೇಜರ್ ತುಳುವಿನಲ್ಲಿ ಕಿರುಚಿದಳು. ಆಮೇಲೆ ತಾಯಿಗೆ, "ಇವಳಿಗೆ ಕೆಲಸ ಬಿಡಬೇಕಂತೆ ಮ್ಯಾಡಮ್, ಅದಕ್ಕೆ ಸುಳ್ಳು ಹೇಳ್ತಿದ್ದಾಳೆ."

ಹುಡುಗಿ ಕುರ್ಚಿಯಿಂದ ಎದ್ದು, ಕೊರಳಿನ ಟವೆಲ್ ಹಾಗೇ ಇಟ್ಟುಕೊಂಡು, ನೇರ ಸ್ಟೋರಿಗೆ ನಡೆದಳು. ಯಾರೂ ಅಡ್ಡ ಬರಲಿಲ್ಲ. ಡ್ರಮ್ಮಿನ ಸುತ್ತಲೂ ಫೋಟೋ ತೆಗೆದಳು, ಸೌಟಿನದ್ದೂ, ಮಾರ್ಕರ್‌ನಲ್ಲಿ ಬರೆದ ಡಬ್ಬಿಯದ್ದೂ. ತಿರುಗಿ ಬಂದು ಕುರ್ಚಿಯಲ್ಲಿ ಕೂತಳು.

"ಇದು ಸರಿಯಾಗ್ತದಾ?" ನನ್ನನ್ನು ಕೇಳಿದಳು.

"ಇಲ್ಲ. ಸುರುಳಿ ಹೋದ ಭಾಗ ಮತ್ತೆ ಸುರುಳಿ ಆಗುವುದಿಲ್ಲ. ಜಡೆ ಹಾಕಿ ಎಳೆದರೆ ಬುಡದಿಂದಲೇ ಬರುತ್ತದೆ. ಕತ್ತರಿಸಬೇಕು. ಹೊಸದು ಬರುವುದು ಸರಿಯಾಗಿಯೇ ಬರುತ್ತದೆ."

"ಎಷ್ಟು ಕತ್ತರಿಸಬೇಕು?"

"ತುಂಬ. ಒಂದಿಂಚು ಉಳಿಯಬಹುದು, ಬುಡದ ಹತ್ತಿರ ಇನ್ನೂ ಸುರುಳಿ ಇದೆ."

ತಾಯಿ ಸ್ವಾಹಿಲಿಯಲ್ಲಿ ಏನೋ ಹೇಳಿ ಅಳತೊಡಗಿದರು. ಹುಡುಗಿ ಕೈ ಚಾಚಿದಳು. ನಾನು ಕತ್ತರಿ ಎತ್ತಿಕೊಂಡು ಅವಳ ಹಿಂದೆ ಹೋದೆ.

"ನೀವು ಬೇಡ" ಎಂದಳು. "ಕತ್ತರಿ ನನಗೆ ಕೊಡಿ. ಹಿಂದೆ ಕಾಣುವುದಿಲ್ಲ, ನೀವು ಕನ್ನಡಿ ಹಿಡಿಯಿರಿ."

ನಾನು ಕನ್ನಡಿ ಹಿಡಿದೆ. ಎಲ್ಲಿ ಕತ್ತರಿಸಬೇಕೆಂದು ಬಾಯಲ್ಲಿ ಮಾತ್ರ ಹೇಳುತ್ತಾ ಹೋದೆ: ಎಳೆಯನ್ನು ಎರಡು ಬೆರಳಿನಲ್ಲಿ ಹಿಡಿದು ಬುಡದಿಂದ ಸವರಿಕೊಂಡು ಬನ್ನಿ, ಬೆರಳಿಗೆ ಗಂಟುಗಂಟಾಗಿ ಸಿಗುವುದು ನಿಂತು ಎಲ್ಲಿ ಜಾರತೊಡಗುತ್ತದೋ ಅಲ್ಲಿ. ನಾಲ್ಕು ವರ್ಷದ ಕೂದಲು ಆಕೆಯ ಮಡಿಲಿಗೆ, ನೆಲಕ್ಕೆ ಬೀಳುತ್ತಾ ಹೋಯಿತು. ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತು ಕನ್ನಡಿ ಹಿಡಿದು ನನ್ನ ಮೊಣಕೈ ಜೋಮು ಹಿಡಿದಿತ್ತು. ಕೈ ಬದಲಿಸಲು ನನಗೆ ಮುಖ ಇರಲಿಲ್ಲ. ಬೇರೆ ಗಿರಾಕಿಗಳಲ್ಲಿ ಇಬ್ಬರು ಅರ್ಧಂಬರ್ಧ ಒಣಗಿದ ತಲೆಯಲ್ಲೇ ಅಬಾಯ ಹಾಕಿಕೊಂಡು ಹೊರಟುಹೋದರು.

ಮುಗಿದ ಮೇಲೆ ಆಕೆ ತಲೆಯ ಮೇಲೆ ಅಂಗೈ ಆಡಿಸಿ ನೋಡಿದಳು. ಕತ್ತರಿಯನ್ನು ಟ್ರಾಲಿಯ ಮೇಲಿಟ್ಟು ತಾಯಿಯ ಕೈ ಹಿಡಿದು ಹೊರಟಳು. ನಾನು ಏಪ್ರನ್ ಜೇಬಿನ ಕಾರ್ಡು ತೆಗೆದು, ಏನು ಹಚ್ಚಿದೆ, ಎಷ್ಟು ನಿಮಿಷ, ಉರಿಯುತ್ತದೆ ಎಂದ ಮೇಲೆ ಎಷ್ಟು ನಿಮಿಷ ಎಲ್ಲ ಬರೆದು ಸಹಿ ಹಾಕಿ, ಬಾಗಿಲ ಹತ್ತಿರ ಓಡಿಹೋಗಿ ತಾಯಿಯ ಕೈಗೆ ಕೊಟ್ಟೆ. ಹಿಂದಿನಿಂದ ಮ್ಯಾನೇಜರ್, "ಹಾಗೇ ನೀನೂ ನಡಿ" ಎಂದಳು. ಏಪ್ರನ್ ಬಿಚ್ಚಿಟ್ಟು ನಡೆದೆ.

ಮುಂದಿನದೆಲ್ಲ ನಿಧಾನವಾಗಿ ನಡೆಯಿತು. ತಾಯಿ ನಗರಸಭೆಗೆ ದೂರು ಕೊಟ್ಟರು. ತಪಾಸಣೆಯವರು ಬಂದು ಡ್ರಮ್ಮನ್ನೂ ಡಬ್ಬಿಯನ್ನೂ ತೆಗೆದುಕೊಂಡು ಹೋದರು. ಮಾಲಕಿ ನಮ್ಮಿಬ್ಬರನ್ನೂ ಕೆಲಸದಿಂದ ತೆಗೆದರು. ನಾನು ಕಾರಣ ಕೇಳಿದ್ದಕ್ಕೆ, "ಅವಳು ಕಲಸಿದಳು, ನೀನು ಹಚ್ಚಿದೆ" ಎಂದರು. ಸಿಟ್ಟು ಬಂತು, ಆದರೆ ತಪ್ಪೆನ್ನಲು ಆಗಲಿಲ್ಲ. ಬೇರೆ ಕಡೆ ಸೇರಿಕೊಳ್ಳಲು ಬೇಕಾದ ಕಾಗದಕ್ಕೆ ಮಾತ್ರ ಸಹಿ ಹಾಕಿಕೊಟ್ಟರು. ನಮ್ಮ ಊರಿನವರ ವಾಟ್ಸ್ಆ್ಯಪ್ ಗುಂಪಿನಲ್ಲಿ ನನ್ನ ಸುದ್ದಿ ತಿರುಗಿತು. ಹಮ್ರಿಯಾದ ಅಂಗಡಿಯೊಂದರಲ್ಲಿ ತರಕಾರಿ ಆರಿಸುತ್ತಿದ್ದಾಗ ಪರಿಚಯದ ಹೆಂಗಸೊಬ್ಬರು, "ಯಾರದೋ ಆಫ್ರಿಕಾ ಕೂದಲಿಗಾಗಿ ನಮ್ಮವಳ ಅನ್ನ ತೆಗೆದೆಯಲ್ಲ" ಎಂದರು. ಕೈಯಲ್ಲಿದ್ದ ಬದನೆಕಾಯಿಯನ್ನು ಬುಟ್ಟಿಗೆ ಎಸೆದು ಹೊರಗೆ ಬಂದೆ. ಅವರಿಗೆ ಹೇಳಬೇಕಾಗಿದ್ದ ಮಾತುಗಳು ಆಮೇಲೆ ಒಂದು ವಾರ ನನ್ನ ಬಾಯಲ್ಲೇ ಕುದಿಯುತ್ತಿದ್ದವು.

ಎರಡು ತಿಂಗಳ ಮೇಲೆ ಹೇಳಿಕೆ ಕೊಡಲು ಕರೆದರು. ಅಧಿಕಾರಿಯ ಮುಂದೆ ಮ್ಯಾನೇಜರ್ ನನ್ನತ್ತ ಬೆರಳು ಮಾಡಿ, "ಹಚ್ಚಿದ್ದು ಇವಳೇ" ಎಂದಳು. ಅಧಿಕಾರಿ ನನ್ನನ್ನು ನೋಡಿದರು. "ಹೌದು, ನಾನೇ ಹಚ್ಚಿದ್ದು" ಎಂದೆ. ಆಮೇಲೆ ಡಬ್ಬಿಯ ವಿಷಯ, ಡ್ರಮ್ಮಿನ ವಿಷಯ, ಎರಡನೇ ಸಲದ ಬಟ್ಟಲಿನ ವಿಷಯ ಎಲ್ಲ ಹೇಳಿದೆ. ಬರೆದುಕೊಂಡರು.

ಹೊರಗೆ ವರಾಂಡದಲ್ಲಿ ತಾಯಿ ನನ್ನ ಕೈ ಹಿಡಿದುಕೊಂಡರು. ಮದುವೆಯ ದಿನ ಹೆಂಗಸರ ಕೂಟದಲ್ಲಿ ಮಗಳು ಹಾಗೇ ಒಂದಿಂಚು ಕೂದಲಲ್ಲೇ, ಏನೂ ಮುಚ್ಚಿಕೊಳ್ಳದೆ ಬಂದಳಂತೆ. ಮೊದಲು ಎಲ್ಲರೂ ಪಿಸುಗುಟ್ಟಿ, ಆಮೇಲೆ ಅವಳೇ ಎದ್ದು ಕುಣಿದದ್ದನ್ನು ನೋಡಿ ಸುಮ್ಮನಾದರಂತೆ. ಹುಡುಗಿ ಸ್ವಲ್ಪ ದೂರದಲ್ಲಿ ನಿಂತಿದ್ದಳು. ನನ್ನ ಹತ್ತಿರ ಬಂದು ಹೇಳಿದಳು, "ನನಗೆ ನಿಮ್ಮ ಮೇಲೆ ಇನ್ನೂ ಸಿಟ್ಟಿದೆ."

"ಇರಬೇಕು" ಎಂದೆ.

"ಆ ಡಬ್ಬಿಯಿಂದ ನನಗಿಂತ ಮೊದಲು ಎಷ್ಟು ಜನಕ್ಕೆ ಹಚ್ಚಿದ್ರಿ?"

ಆ ಪ್ರಶ್ನೆಯನ್ನು ಅಧಿಕಾರಿಯೂ ಕೇಳಿರಲಿಲ್ಲ. ನೆನಪಿನಲ್ಲಿ ಮುಖಗಳನ್ನು ಒಂದೊಂದಾಗಿ ತಂದುಕೊಂಡೆ. "ನಾನು ಹಚ್ಚಿದ್ದು ಐದು ಜನಕ್ಕೆ. ಎಲ್ಲರದೂ ನಿಮ್ಮ ಥರದ ಕೂದಲು."

"ಅವರಿಗೆ ಹೇಳಿದ್ರಾ?"

"ಇಲ್ಲ."

"ಅವರೆಲ್ಲ ತಮ್ಮ ಕೂದಲೇ ಸರಿಯಿಲ್ಲ ಅಂದುಕೊಂಡು ಕೂತಿರ್ತಾರೆ" ಎಂದು ಹೇಳಿ, ತಾಯಿಯನ್ನು ಕರೆದುಕೊಂಡು ಮೆಟ್ಟಿಲಿಳಿದು ಹೋದಳು.

ಅಪಾಯಿಂಟ್‌ಮೆಂಟ್ ಬದಲಾದರೆ ತಿಳಿಸಲೆಂದು ನನ್ನ ಗಿರಾಕಿಗಳ ನಂಬರುಗಳು ನನ್ನ ಫೋನಿನಲ್ಲೇ ಇದ್ದವು. ಮನೆಗೆ ಬಂದು ಊಟವನ್ನೂ ಮಾಡದೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತೆ. ಮೊದಲನೆಯವರು ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಗಸು. ಎರಡು ವರ್ಷದ ಹಿಂದೆ ಆ ಪ್ರೋಟೀನಿಗೆಂದೇ ಮೂರು ಸಲ ಬಂದಿದ್ದರು. ಆಮೇಲೆ ಹಣೆಯ ಮೇಲಿನ ಕೂದಲು ಹೋಗುತ್ತಿದೆ ಎಂದು ತೋರಿಸಲು ಬಂದಾಗ ಮ್ಯಾನೇಜರ್, ನಿಮ್ಮ ಕೂದಲಿನ ಜಾತಿಯೇ ಅಂಥದ್ದು ಎಂದು ಹೇಳಿ ಕಳಿಸಿದ್ದಳು. ನಾನು ಪಕ್ಕದಲ್ಲೇ ಇದ್ದೆ.

ಫೋನ್ ಎತ್ತಿದರು. ನಾನು ಯಾರೆಂದು ಹೇಳಿದೆ. ಏನು ಹಚ್ಚಿದ್ದೆ, ಅದು ಏನಾಗಿತ್ತು ಎಂದು ಹೇಳಿದೆ. ಕ್ಷಮಿಸಿ ಎಂದೆ. ನಿಮ್ಮ ಕೂದಲಿನಲ್ಲಿ ಯಾವ ದೋಷವೂ ಇರಲಿಲ್ಲ ಎಂದೆ.

"ಎರಡು ವರ್ಷ" ಎಂದರು ಅವರು, ತುಂಬಾ ಮೆಲ್ಲಗೆ. "ಎರಡು ವರ್ಷದಿಂದ ಪ್ರತಿ ದಿನ ಬೆಳಿಗ್ಗೆ ಕನ್ನಡಿ ಮುಂದೆ ನಿಂತು, ಈ ಕೂದಲು ಕೊಟ್ಟಳಲ್ಲ ಅಂತ ನನ್ನ ತಾಯಿಯನ್ನು ಬೈಯುತ್ತಿದ್ದೆ. ಅವಳು ತೀರಿಹೋಗಿ ಒಂದು ವರ್ಷ ಆಯಿತು."